ಲಿನಕ್ಸ್‌ನಲ್ಲಿ ಮನೆ ಲೆಕ್ಕ: ಗ್ನೂಕ್ಯಾಶ್ ಹಾಕಿಕೊಳ್ಳಲೋ, ನಾನೇ ಒಂದು ಬರೆಯಲೋ?

ತೋಟದಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಮಿಂಟ್ ಬಳಸುತ್ತಿದ್ದೇನೆ. ಪೈಥಾನ್ ಸುಮಾರಾಗಿ ಬರುತ್ತದೆ, ಅಕೌಂಟಿಂಗ್ ಸುತಾರಾಂ ಬರುವುದಿಲ್ಲ. ಇಲ್ಲಿಯವರೆಗೆ ಮನೆಯ ದುಡ್ಡಿನ ಲೆಕ್ಕ ಎಲ್ಲ ಲಿಬ್ರೆಆಫೀಸ್ ಶೀಟಿನಲ್ಲಿ ಇತ್ತು. ಈಗ ಅದು ಕೈಮೀರಿದೆ. ಎರಡು ಬ್ಯಾಂಕ್ ಖಾತೆ, ಒಂದು ಕ್ರೆಡಿಟ್ ಕಾರ್ಡ್, ಪಿಪಿಎಫ್, ಒಂದಿಷ್ಟು ಮ್ಯೂಚುವಲ್ ಫಂಡ್ ಎಸ್‌ಐಪಿ, ಇದರ ಮೇಲೆ ಊರಿನ ಅಡಿಕೆ ತೋಟದ ಲೆಕ್ಕ. ಬೆಳೆ ಸೊಸೈಟಿಯಲ್ಲಿ ಇಡುತ್ತೇವೆ, ಅದರ ಮೇಲೆ ಮುಂಗಡ ತೆಗೆದುಕೊಳ್ಳುತ್ತೇವೆ, ದರ ನೋಡಿಕೊಂಡು ಆಮೇಲೆ ಮಾರುತ್ತೇವೆ. ಇದನ್ನು ಶೀಟಿನಲ್ಲಿ ಹೇಗೆ ಬರೆದರೂ ಒಂದಲ್ಲ ಒಂದು ಕಡೆ ದುಡ್ಡು ಎರಡು ಸಲ ಎಣಿಕೆ ಆಗುತ್ತದೆ.

ಮೊಬೈಲ್ ಆ್ಯಪ್ ಬೇಡ. ನನ್ನ ಎಸ್‌ಎಂಎಸ್ ಎಲ್ಲ ಓದಿ ಆಮೇಲೆ ಸಾಲ ಬೇಕಾ ಅಂತ ಕೇಳುವ ಸಾಫ್ಟ್‌ವೇರ್‌ನ ಸಹವಾಸ ಸಾಕು.

ಕೇಳಬೇಕಾದದ್ದು ಇಷ್ಟು. ಗ್ನೂಕ್ಯಾಶ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಹಾಕಿ ನೋಡಿದೆ, ಡಾಲರ್ ಚಿಹ್ನೆ ಬರುತ್ತಿದೆ, ಲಕ್ಷ ಬರೆದರೆ 100,000 ಅಂತ ತೋರಿಸುತ್ತದೆ, ಅದನ್ನು 1,00,000 ಮಾಡುವುದು ಹೇಗೆ? ಬ್ಯಾಂಕಿನ ಸ್ಟೇಟ್‌ಮೆಂಟ್ ಅದಕ್ಕೆ ತುಂಬಿಸುವುದು ಹೇಗೆ? ಫಂಡುಗಳ ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ತಾನಾಗಿ ಬರುತ್ತದಾ? ಕೊನೆಯದು, ಇದೆಲ್ಲ ತಲೆನೋವು ಅನ್ನಿಸಿದರೆ ನನಗೆ ಬೇಕಾದ ಹಾಗೆ ನಾನೇ ಪೈಥಾನ್‌ನಲ್ಲಿ ಒಂದು ಬರೆದುಕೊಳ್ಳುವುದು ಒಳ್ಳೆಯದಾ? ಓಪನ್ ಸೋರ್ಸ್ ಆಗಿಯೇ ಬಿಡುತ್ತೇನೆ.

ಹಳೇ_ಥಿಂಕ್‌ಪ್ಯಾಡ್ ಉತ್ತರ:

ಮೊದಲು ಸುಲಭದ್ದು ಮುಗಿಸೋಣ. ಅಲ್ಪವಿರಾಮದ ಸಮಸ್ಯೆ ಗ್ನೂಕ್ಯಾಶ್‌ನದ್ದಲ್ಲ, ನಿಮ್ಮ ಲೊಕೇಲ್‌ನದ್ದು, ಅಂದರೆ ಯಾವ ದೇಶ ಯಾವ ಭಾಷೆ ಅನ್ನುವ ಸೆಟ್ಟಿಂಗ್‌ನದ್ದು. ಇನ್‌ಸ್ಟಾಲ್ ಮಾಡುವಾಗ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಅಂತ ಒತ್ತಿ ಮುಂದೆ ಹೋಗಿರುತ್ತೀರಿ, ಎಲ್ಲರೂ ಹಾಗೇ ಮಾಡುವುದು. ಮಿಂಟ್‌ನ ಲ್ಯಾಂಗ್ವೇಜ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಭಾಷೆ ಬೇರೆ, ರೀಜನ್ ಬೇರೆ ಇದೆ. ರೀಜನ್ ಮಾತ್ರ ಇಂಗ್ಲಿಷ್ ಇಂಡಿಯಾ ಮಾಡಿ, ಲಾಗೌಟ್ ಆಗಿ ಬನ್ನಿ. ರೂಪಾಯಿ ಚಿಹ್ನೆ, ಮೊದಲು ಮೂರು ಅಂಕಿ ಆಮೇಲೆ ಎರಡೆರಡರ ಗುಂಪು, ದಿನ ಮೊದಲು ತಿಂಗಳು ಆಮೇಲೆ, ಎಲ್ಲ ಸರಿಯಾಗುತ್ತದೆ. ರೀಜನ್‌ಗೆ ಕನ್ನಡ ಇಂಡಿಯಾ ಕೊಟ್ಟರೂ ಅಂಕಿಗಳು ಹಾಗೇ ಬರುತ್ತವೆ. ಭಾಷೆಯನ್ನೂ ಕನ್ನಡಕ್ಕೆ ತಿರುಗಿಸಿದರೆ ಗ್ನೂಕ್ಯಾಶ್‌ನ ಮೆನುಗಳೂ ಕನ್ನಡ ಆಗುತ್ತವೆ. ಅನುವಾದದ ಕಡತ ಇದೆ, ಪೂರ್ತಿ ಆಗಿಲ್ಲ ಅಷ್ಟೇ, ಹಾಗಾಗಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಪರದೆ ಸಿಗುತ್ತದೆ. ಅಕ್ಷರ ಚೌಕಚೌಕ ಕಂಡರೆ ಗುಬ್ಬಿ ಅಥವಾ ನವಿಲು ಫಾಂಟ್ ಪ್ಯಾಕೇಜ್ ಹಾಕಿಕೊಳ್ಳಿ, ಎರಡೂ ಮಿಂಟ್‌ನ ರೆಪೊಸಿಟರಿಯಲ್ಲೇ, ಅಂದರೆ ಸಾಫ್ಟ್‌ವೇರ್ ಭಂಡಾರದಲ್ಲೇ ಇವೆ.

ಇನ್‌ಸ್ಟಾಲ್ ವಿಷಯ. ಮಿಂಟ್ 21 ಇದ್ದರೆ ಅದು ಉಬುಂಟು 22.04 ಮೇಲೆ ನಿಂತಿದೆ, ಅದರ ರೆಪೊದಲ್ಲಿ ಸಿಗುವುದು ಗ್ನೂಕ್ಯಾಶ್ 4.8. ಹಳೆಯದು. ಐದನೇ ಸರಣಿ 2023ರಲ್ಲೇ ಬಂತು. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಫ್ಲಾಟ್‌ಪ್ಯಾಕ್ (ಬೇಕಾದದ್ದನ್ನೆಲ್ಲ ಜೊತೆಗೇ ತರುವ ಪ್ಯಾಕೇಜ್) ಆವೃತ್ತಿ ಕಾಣಿಸುತ್ತದೆ, ಅದನ್ನು ಹಾಕಿ. ಒಂದು ಎಚ್ಚರ: ಒಂದು ಯಂತ್ರದಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಇಟ್ಟುಕೊಂಡು ಅದೇ ಕಡತವನ್ನು ಎರಡರಲ್ಲೂ ತೆರೆಯಬೇಡಿ. ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ಓದದೇ ಇರಬಹುದು.

ಕಡತಕ್ಕೆ ಅಂತಲೇ ಒಂದು ಫೋಲ್ಡರ್ ಮಾಡಿಕೊಳ್ಳಿ. ಎಕ್ಸ್‌ಎಂಎಲ್ ಮಾದರಿಯಾದರೆ ಉಳಿಸಿದಾಗಲೆಲ್ಲ ಗ್ನೂಕ್ಯಾಶ್ ಪಕ್ಕದಲ್ಲೇ ಒಂದು ಬ್ಯಾಕಪ್ಪು, ಒಂದು ಲಾಗ್ ಕಡತ ಬಿಡುತ್ತದೆ, ಹೋಮ್ ಫೋಲ್ಡರ್‌ನಲ್ಲಿ ನೇರವಾಗಿ ಇಟ್ಟರೆ ತಿಂಗಳಿಗೆ ಕಸ ತುಂಬುತ್ತದೆ. ಕಡತದ ಮಾದರಿ ಕೇಳಿದಾಗ ಎಕ್ಸ್‌ಎಂಎಲ್ ಅಥವಾ ಎಸ್‌ಕ್ಯೂಲೈಟ್ (ಒಂದೇ ಕಡತದ ಡೇಟಾಬೇಸ್) ಅನ್ನುತ್ತದೆ. ನೀವು ಪೈಥಾನ್‌ನಿಂದ ಓದುವ ಯೋಚನೆ ಇದ್ದರೆ ಎಸ್‌ಕ್ಯೂಲೈಟ್ ಅನುಕೂಲ, ಪೈಕ್ಯಾಶ್ ಅಂತ ಲೈಬ್ರರಿ ಇದೆ. ಓದುವುದಕ್ಕೆ ಮಾತ್ರ ಬಳಸಿ. ಡೇಟಾಬೇಸ್‌ಗೆ ಹೊರಗಿನಿಂದ ನೇರ ಬರೆಯುವುದನ್ನು ಗ್ನೂಕ್ಯಾಶ್ ತಂಡದವರು ಒಪ್ಪುವುದಿಲ್ಲ, ಕಾರಣವೂ ಇದೆ, ಲೆಕ್ಕ ತಾಳೆ ನೋಡುವ ಕೆಲಸ ಎಲ್ಲ ಪ್ರೋಗ್ರಾಂ ಒಳಗೆ ಇದೆ, ಡೇಟಾಬೇಸಿನಲ್ಲಿ ಅಲ್ಲ.

ಪ್ರಿಫರೆನ್ಸಸ್‌ನಲ್ಲಿ ಅಕೌಂಟಿಂಗ್ ಪೀರಿಯಡ್ ಅಂತ ಇದೆ. ಅದನ್ನು ಏಪ್ರಿಲ್ 1ರಿಂದ ಮಾರ್ಚ್ 31 ಮಾಡಿ, ಇಲ್ಲದಿದ್ದರೆ ಎಲ್ಲ ವರದಿಯೂ ಜನವರಿಯಿಂದ ಶುರು. ಮತ್ತೆ ಹಳೇ ಶೀಟಿನ ವರ್ಷಗಳನ್ನೆಲ್ಲ ಎಳೆದು ತರಲು ಹೋಗಬೇಡಿ. ಏಪ್ರಿಲ್ 1ರ ಬಾಕಿ ಹಾಕಿ ಅಲ್ಲಿಂದ ಶುರು ಮಾಡಿ. ಹಳೆಯದು ಶೀಟಿನಲ್ಲೇ ಇರಲಿ, ಏನು ತೊಂದರೆ?

ಬಿಲ್ಡ್_ಫೇಲ್ ಉತ್ತರ:

ಮೇಲಿನವರು ಹೇಳಿದ್ದು ಸರಿ. ಆದರೆ ಇನ್‌ಸ್ಟಾಲ್ ಅರ್ಧ ಗಂಟೆಯ ಕೆಲಸ. ನಮ್ಮ ದೇಶದಲ್ಲಿ ನಿಜವಾದ ಕೆಲಸ ಬ್ಯಾಂಕಿನ ಸ್ಟೇಟ್‌ಮೆಂಟ್ ಒಳಗೆ ತರುವುದು. ಅಮೆರಿಕ, ಜರ್ಮನಿಯವರು ಓಎಫ್‌ಎಕ್ಸ್ ಅಂತಲೋ ಎಚ್‌ಬಿಸಿಐ ಅಂತಲೋ ಬ್ಯಾಂಕಿಂದ ನೇರ ಎಳೆದುಕೊಳ್ಳುತ್ತಾರೆ, ಗ್ನೂಕ್ಯಾಶ್, ಅದೇ ಥರದ ಕೆಎಂವೈಮನಿ ಎರಡರಲ್ಲೂ ಅದಕ್ಕೆ ಮೆನು ಇದೆ, ನಮಗೆ ಆ ಮೆನು ಬರೀ ಅಲಂಕಾರ. ಇಲ್ಲಿ ಸಿಗುವುದು ಪಾಸ್‌ವರ್ಡ್ ಹಾಕಿದ ಪಿಡಿಎಫ್, ಇಲ್ಲವೇ ಎಕ್ಸೆಲ್ ಅಂತ ಹೆಸರಿಟ್ಟುಕೊಂಡ ಯಾವುದೋ ಕಡತ. ನನ್ನ ಬ್ಯಾಂಕ್ ಕೊಡುವ ಎಕ್ಸ್‌ಎಲ್‌ಎಸ್ ಅನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಅದು ಬರೀ ಟ್ಯಾಬ್ ಹಾಕಿದ ಪಠ್ಯ! ಹಾಗಾಗಿ ಮೊದಲು ಫೈಲ್ ಅನ್ನುವ ಕಮಾಂಡ್ ಓಡಿಸಿ, ಅದು ನಿಜವಾಗಿ ಏನು ಅಂತ ನೋಡಿ, ಆಮೇಲೆ ಸ್ಕ್ರಿಪ್ಟ್ ಬರೆಯಿರಿ.

ಪಿಡಿಎಫ್ ಆದರೆ ಕ್ಯೂಪಿಡಿಎಫ್‌ನಿಂದ ಪಾಸ್‌ವರ್ಡ್ ತೆಗೆಯಿರಿ, ಪಿಡಿಎಫ್-ಟು-ಟೆಕ್ಸ್ಟ್ ಅನ್ನು ಲೇಔಟ್ ಆಯ್ಕೆಯೊಂದಿಗೆ ಓಡಿಸಿ, ಕಾಲಂಗಳು ಹೆಚ್ಚು ಕಮ್ಮಿ ನಿಂತ ಜಾಗದಲ್ಲೇ ನಿಲ್ಲುತ್ತವೆ. ಅಲ್ಲಿಂದ ಪೈಥಾನ್‌ನಲ್ಲಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯ ಕಡತ) ಮಾಡುವುದು ನಿಮಗೆ ಕಷ್ಟವಲ್ಲ. ಒಂದು ಪರೀಕ್ಷೆ ಮಾತ್ರ ಬಿಡಬೇಡಿ. ಸ್ಟೇಟ್‌ಮೆಂಟಿನ ಕೊನೆಯ ಕಾಲಂನಲ್ಲಿ ಪ್ರತಿ ಸಾಲಿಗೂ ಬಾಕಿ ಇರುತ್ತದೆ. ಹಿಂದಿನ ಬಾಕಿಗೆ ಈ ಸಾಲಿನ ಜಮಾ ಕೂಡಿ, ಖರ್ಚು ಕಳೆದರೆ ಈ ಬಾಕಿ ಬರಬೇಕು. ಬರದ ಸಾಲಿನಲ್ಲಿ ಸ್ಕ್ರಿಪ್ಟ್ ನಿಂತುಬಿಡಲಿ. ಪುಟ ಬದಲಾಗುವ ಕಡೆ ವಿವರ ಎರಡು ಸಾಲಾಗಿ ಮುರಿದು ಒಂದು ನಮೂದು ಮಾಯವಾಗುವುದು ಇಲ್ಲೇ ಸಿಕ್ಕಿಬೀಳುವುದು.

ಈಗ ಯಾರೂ ಹೇಳದ ಒಂದು ವಿಷಯ. ಗ್ನೂಕ್ಯಾಶ್‌ನಲ್ಲಿ ಇಂಪೋರ್ಟ್ ಮಾಡುವಾಗ ಯಾವ ಖರ್ಚು ಯಾವ ಖಾತೆಗೆ ಅಂತ ಅದು ಕಲಿಯುತ್ತದೆ, ಬೇಸಿಯನ್ ಅನ್ನುವ ಸಂಭವನೀಯತೆಯ ಲೆಕ್ಕಾಚಾರ. ದಿನಸಿ ಅಂಗಡಿಗೆ ಒಂದೆರಡು ಸಲ ತೋರಿಸಿದರೆ ಮುಂದೆ ಅದೇ ಹಾಕಿಕೊಳ್ಳುತ್ತದೆ. ಆದರೆ ನಮ್ಮಲ್ಲಿ ತುಂಬಾ ಜನ ಇದು ಕಲಿಯುವುದೇ ಇಲ್ಲ ಅಂತ ಬೈದುಕೊಂಡು ಬಿಟ್ಟಿದ್ದಾರೆ. ಯಾಕೆ ಅಂದರೆ ಅದು ವಿವರವನ್ನು ಪದಗಳಾಗಿ ಒಡೆಯುವುದು ಖಾಲಿ ಜಾಗ ನೋಡಿ. ನಮ್ಮ ಯುಪಿಐ ವಿವರ ಹೇಗಿರುತ್ತದೆ? ಯುಪಿಐ, ಓರೆಗೆರೆ, 12 ಅಂಕಿಯ ರೆಫರೆನ್ಸ್, ಓರೆಗೆರೆ, ಅಂಗಡಿ ಹೆಸರು, ಓರೆಗೆರೆ, ಬ್ಯಾಂಕು, ಹೀಗೆ ಎಲ್ಲೂ ಜಾಗ ಬಿಡದೆ ಒಂದೇ ಉದ್ದ ಸರ. ಗ್ನೂಕ್ಯಾಶ್ ಕಣ್ಣಿಗೆ ಅದು ಒಂದೇ ಪದ, ಒಳಗೆ ಆ ರೆಫರೆನ್ಸ್ ಇರುವುದರಿಂದ ಪ್ರತಿ ಸಲವೂ ಹೊಸ ಪದ. ಹೊಸ ಪದದಿಂದ ಏನು ಕಲಿಯಬೇಕು ಪಾಪ. ನಿಮ್ಮ ಸ್ಕ್ರಿಪ್ಟಿನಲ್ಲಿ ಓರೆಗೆರೆಗಳನ್ನು ಖಾಲಿ ಜಾಗ ಮಾಡಿ, 12 ಅಂಕಿಯನ್ನು ವಿವರದಿಂದ ತೆಗೆದು ನಂಬರ್ ಕಾಲಂಗೆ ಹಾಕಿ. ಇಷ್ಟೇ. ಆಮೇಲೆ ನೋಡಿ, ಸ್ವಲ್ಪ ದಿನಕ್ಕೆ ಬಹುಪಾಲು ಸಾಲು ತಾನೇ ತುಂಬಿಕೊಳ್ಳುತ್ತದೆ. ಕಾಲಂ ಜೋಡಣೆಯನ್ನು ಹೆಸರು ಕೊಟ್ಟು ಉಳಿಸುವ ಆಯ್ಕೆ ಇಂಪೋರ್ಟ್ ಕಿಟಕಿಯಲ್ಲೇ ಇದೆ, ಪ್ರತಿ ತಿಂಗಳು ಮತ್ತೆ ಹೇಳಿಕೊಡಬೇಕಿಲ್ಲ.

ಎನ್‌ಎವಿ ತಾನಾಗಿ ಬರುತ್ತದೆ. ಅದಕ್ಕೆ ಫೈನಾನ್ಸ್-ಕೋಟ್ ಅನ್ನುವ ಪರ್ಲ್ ಮಾಡ್ಯೂಲ್ ಬೇಕು. ಸೆಕ್ಯುರಿಟಿ ಎಡಿಟರ್‌ನಲ್ಲಿ ಫಂಡಿನ ಸಿಂಬಲ್ ಜಾಗಕ್ಕೆ ಆ್ಯಂಫಿ (ಫಂಡ್ ಕಂಪನಿಗಳ ಸಂಘ) ಕೊಟ್ಟಿರುವ ಸ್ಕೀಮ್ ಕೋಡ್ ಹಾಕಿ, ಬೆಲೆಯ ಮೂಲ ಭಾರತದ ಮ್ಯೂಚುವಲ್ ಫಂಡ್ ಅಂತ ಆರಿಸಿ. ಡೈರೆಕ್ಟ್ ಪ್ಲಾನ್, ರೆಗ್ಯುಲರ್ ಪ್ಲಾನ್‌ಗೆ ಕೋಡ್ ಬೇರೆ ಬೇರೆ, ನೋಡಿ ಹಾಕಿ. ಆ್ಯಂಫಿ ದಿನವೂ ಎಲ್ಲ ಫಂಡುಗಳ ಎನ್‌ಎವಿಯನ್ನು ಒಂದು ಪಠ್ಯ ಕಡತವಾಗಿ ಬಿಡುತ್ತದೆ, ಸೆಮಿಕೋಲನ್ ಹಾಕಿ ಬೇರ್ಪಡಿಸಿದ್ದು, ಕೋಡ್ ಅದರಲ್ಲೇ ಸಿಗುತ್ತದೆ. ಯೂನಿಟ್ಟುಗಳು ಮೂರು ದಶಾಂಶ ಇರುವುದರಿಂದ ಅದೇ ಎಡಿಟರ್‌ನಲ್ಲಿ ಭಿನ್ನರಾಶಿಯನ್ನು ಸಾವಿರದಲ್ಲಿ ಒಂದು ಮಾಡಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಎಸ್‌ಐಪಿಯಲ್ಲೂ ಚೂರು ಚೂರು ವ್ಯತ್ಯಾಸ ಉಳಿಯುತ್ತದೆ. ಹಳೇ ಎಸ್‌ಐಪಿಗಳನ್ನು ಕೈಯಲ್ಲಿ ಹೊಡೆಯುತ್ತಾ ಕೂರಬೇಡಿ. ಫಂಡುಗಳ ದಾಖಲೆ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್‌ನಿಂದ ಒಟ್ಟು ಸ್ಟೇಟ್‌ಮೆಂಟ್ ತರಿಸಿಕೊಳ್ಳಿ, ಕ್ಯಾಸ್‌ಪಾರ್ಸರ್ ಅಂತ ಪೈಥಾನ್ ಲೈಬ್ರರಿ ಆ ಪಿಡಿಎಫ್ ಓದಿ ಸಿಎಸ್‌ವಿಯೋ ಜೇಸನ್ನೋ ಮಾಡಿ ಕೊಡುತ್ತದೆ.

ನಾನೇ ಬರೆಯಲಾ ಅನ್ನುವುದಕ್ಕೆ ಬರುತ್ತೇನೆ. ಬೇಡ. ಇಡೀ ಸಾಫ್ಟ್‌ವೇರ್ ಬೇಡ. ಗ್ನೂಕ್ಯಾಶ್ 1997ರ ಹೊತ್ತಿಗೇ ಶುರುವಾದ ಕೆಲಸ, ಹೋಮ್‌ಬ್ಯಾಂಕ್ ಅನ್ನುವ ಇನ್ನೊಂದು ಲೆಕ್ಕದ ಸಾಫ್ಟ್‌ವೇರ್ ಅದಕ್ಕೂ ಮೊದಲು ಅಮಿಗಾ ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಅವರು ಇಷ್ಟು ವರ್ಷ ಎಡವಿ ಸರಿಮಾಡಿದ್ದನ್ನೆಲ್ಲ ನೀವು ಮತ್ತೆ ಎಡವಬೇಕು. ಒಂದೇ ಉದಾಹರಣೆ ಕೊಡುತ್ತೇನೆ: ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿ ನೋಡಿ, ಸರಿಯಾಗಿ 0.3 ಬರುವುದಿಲ್ಲ. ಗ್ನೂಕ್ಯಾಶ್ ಒಳಗೆ ಹಣ ಅಂದರೆ ಅಂಶ ಮತ್ತು ಛೇದ, ಎರಡು ಪೂರ್ಣಾಂಕ, ಹೀಗೆ ಚೂರು ತಪ್ಪುವ ಫ್ಲೋಟ್ ಅಲ್ಲವೇ ಅಲ್ಲ. ನಿಮ್ಮ ಸ್ಕ್ರಿಪ್ಟಿನಲ್ಲೂ ಡೆಸಿಮಲ್ ಬಳಸಿ. ಇಲ್ಲಿ ಕೊರತೆ ಇರುವುದು ಇನ್ನೊಂದು ಲೆಕ್ಕದ ಆ್ಯಪ್‌ಗೆ ಅಲ್ಲ, ನಮ್ಮ ಬ್ಯಾಂಕುಗಳ ಕಡತ ಓದುವ ಚಿಕ್ಕ ಚಿಕ್ಕ ಇಂಪೋರ್ಟರ್‌ಗಳಿಗೆ. ಅದನ್ನು ಬರೆದು ಬಿಡಿ, ನೂರು ಜನ ಬಳಸುತ್ತಾರೆ. ಗಿಟ್‌ಹಬ್‌ಗೆ ಹಾಕುವಾಗ ಪರೀಕ್ಷೆಗೆ ಅಂತ ನಿಮ್ಮದೇ ಸ್ಟೇಟ್‌ಮೆಂಟ್ ಸೇರಿಸಬೇಡಿ ಮಾರಾಯ್ರೇ, ಸುಳ್ಳು ಹೆಸರು ಸುಳ್ಳು ಅಂಕಿ ಹಾಕಿದ ಕಡತ ಮಾಡಿ. ಎಷ್ಟೋ ರೆಪೊಗಳಲ್ಲಿ ಖಾತೆ ನಂಬರ್ ಸಮೇತ ಬಿದ್ದಿರುತ್ತದೆ.

ಕಿರ್ದಿಪುಸ್ತಕ ಉತ್ತರ:

ಎಲ್ಲರೂ ಬ್ಯಾಂಕ್, ಫಂಡು ಅಂತ ಹೋದರು, ಅಡಿಕೆ ಮರೆತರು. ನಮ್ಮ ಮನೆಯಲ್ಲೂ ಅದೇ ಲೆಕ್ಕ ಇರುವುದರಿಂದ ಹೇಳುತ್ತೇನೆ.

ನಿಮ್ಮ ಶೀಟಿನಲ್ಲಿ ದುಡ್ಡು ಎರಡು ಸಲ ಯಾಕೆ ಬರುತ್ತದೆ ಅಂದರೆ ಮುಂಗಡ ಬಂದ ದಿನ ಅದನ್ನು ಆದಾಯ ಅಂತ ಬರೆಯುತ್ತೀರಿ, ಮಾರಿದ ದಿನ ಪೂರ್ತಿ ಬೆಲೆಯನ್ನು ಮತ್ತೆ ಆದಾಯ ಅಂತ ಬರೆಯುತ್ತೀರಿ. ಮುಂಗಡ ಆದಾಯ ಅಲ್ಲ, ಸಾಲ. ಅಡಿಕೆ ನಿಮ್ಮದೇ, ಸೊಸೈಟಿಯ ಗೋದಾಮಿನಲ್ಲಿ ಇದೆ ಅಷ್ಟೇ. ಡಬಲ್ ಎಂಟ್ರಿಯಲ್ಲಿ, ಅಂದರೆ ಪ್ರತಿ ವ್ಯವಹಾರವನ್ನೂ ಕನಿಷ್ಠ ಎರಡು ಖಾತೆಗಳಲ್ಲಿ ಬರೆಯುವ ಪದ್ಧತಿಯಲ್ಲಿ, ಇದು ತಾನಾಗಿ ಸರಿಯಾಗುತ್ತದೆ, ಏಕೆಂದರೆ ದುಡ್ಡು ಎಲ್ಲಿಂದ ಬಂತು ಅಂತ ಹೇಳದೆ ಅದು ಬರೆಯಲು ಬಿಡುವುದೇ ಇಲ್ಲ.

ನಾನು ಬಳಸುವುದು ಎಚ್‌ಲೆಜರ್ ಅನ್ನುವ ಲೆಕ್ಕದ ಪ್ರೋಗ್ರಾಂ. ಸಾದಾ ಪಠ್ಯ ಕಡತ, ಯಾವ ಎಡಿಟರ್ ಆದರೂ ಸರಿ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡಬಹುದು. ಈ ವಂಶದ ಮೂಲ ಲೆಜರ್, 2003ರದ್ದು, ಸಿ ಪ್ಲಸ್ ಪ್ಲಸ್. ಎಚ್‌ಲೆಜರ್ ಹ್ಯಾಸ್ಕೆಲ್‌ನಲ್ಲಿದೆ, ಪೈಥಾನ್ ಬೇಕಾದರೆ ಬೀನ್‌ಕೌಂಟ್ ಇದೆ, ಅದಕ್ಕೆ ಫಾವಾ ಅನ್ನುವ ಚೆಂದದ ವೆಬ್ ಮುಖ. ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ ಸರಕು ಯಾವುದಾದರೂ ಆಗಬಹುದು. ರೂಪಾಯಿ, ಡಾಲರ್, ಫಂಡಿನ ಯೂನಿಟ್, ಕ್ವಿಂಟಾಲ್ ಅಡಿಕೆ, ಎಲ್ಲ ಒಂದೇ. ಅಂಕಿಗಳು ಸುಮ್ನೆ ಉದಾಹರಣೆಗೆ, ಚಾಲಿ ಅಂದರೆ ಒಣಗಿಸಿದ ಅಡಿಕೆ:

2025-01-15 ಚಾಲಿ ಸೊಸೈಟಿಗೆ ಹಾಕಿದ್ದು
    ಆಸ್ತಿ:ದಾಸ್ತಾನು:ಚಾಲಿ        3 ಕ್ವಿಂಟಾಲ್
    ಆದಾಯ:ತೋಟ              -3 ಕ್ವಿಂಟಾಲ್

2025-01-20 ಅಡಿಕೆ ಮೇಲೆ ಮುಂಗಡ
    ಆಸ್ತಿ:ಬ್ಯಾಂಕ್              ₹60,000
    ಸಾಲ:ಸೊಸೈಟಿ ಮುಂಗಡ       ₹-60,000

2025-03-12 ಚಾಲಿ ಮಾರಾಟ
    ಆಸ್ತಿ:ದಾಸ್ತಾನು:ಚಾಲಿ        -3 ಕ್ವಿಂಟಾಲ್ @ ₹40,000
    ಸಾಲ:ಸೊಸೈಟಿ ಮುಂಗಡ        ₹60,000
    ಖರ್ಚು:ಬಡ್ಡಿ ಮತ್ತು ಕಮಿಷನ್    ₹2,000
    ಆಸ್ತಿ:ಬ್ಯಾಂಕ್              ₹58,000

ಮೂರನೇ ನಮೂದು ಕೂಡಿ ನೋಡಿ, ಸೊನ್ನೆ ಬರುತ್ತದೆ. ಬರದಿದ್ದರೆ ಎಚ್‌ಲೆಜರ್ ಕಡತವನ್ನೇ ಓದುವುದಿಲ್ಲ, ಇಂಥ ಸಾಲಿನಲ್ಲಿ ತಾಳೆ ಇಲ್ಲ ಅಂತ ಹೇಳಿ ನಿಲ್ಲುತ್ತದೆ. ಮಾರುವ ತನಕ ಎಷ್ಟು ಕ್ವಿಂಟಾಲ್ ಒಳಗಿದೆ, ಅದರ ಮೇಲೆ ಎಷ್ಟು ಸಾಲ ಇದೆ ಅಂತ ಯಾವಾಗ ಬೇಕಾದರೂ ಕೇಳಬಹುದು. ಮಾರುಕಟ್ಟೆ ದರವನ್ನು ಆಗಾಗ ಒಂದು ಸಾಲಾಗಿ ಬರೆದಿಟ್ಟರೆ ಇವತ್ತಿನ ಬೆಲೆಯಲ್ಲಿ ದಾಸ್ತಾನು ಎಷ್ಟಾಗುತ್ತದೆ ಅಂತಲೂ ತೋರಿಸುತ್ತದೆ. ದರ ಏರಲಿ ಅಂತ ಕಾಯುವಾಗ ಬಡ್ಡಿ ಎಷ್ಟು ತಿಂದಿತು ಅನ್ನುವುದು ಬರವಣಿಗೆಯಲ್ಲಿ ಕಾಣುವುದು ಆಗಲೇ. ಮನೆಯ ಹಿರಿಯರಿಗೆ ತೋರಿಸಬೇಕೋ ಬೇಡವೋ ಅದು ನಿಮಗೆ ಬಿಟ್ಟದ್ದು.

ಕನ್ನಡದಲ್ಲಿ ಖಾತೆ ಹೆಸರು ಬರೆಯುವಾಗ ಮೂರು ಸಂಗತಿ ಗೊತ್ತಿರಲಿ. ಹೆಸರಿನ ಒಳಗೆ ಒಂದು ಖಾಲಿ ಜಾಗ ಇರಬಹುದು, ಆದರೆ ಹೆಸರಿಗೂ ಮೊತ್ತಕ್ಕೂ ನಡುವೆ ಕನಿಷ್ಠ ಎರಡು ಬೇಕು, ಇಲ್ಲದಿದ್ದರೆ ಮೊತ್ತವೂ ಹೆಸರಿನ ಭಾಗ ಅಂದುಕೊಳ್ಳುತ್ತದೆ. ಹೊಸಬರ ಅರ್ಧ ಪ್ರಶ್ನೆ ಇದರದ್ದೇ. ಇನ್ನೊಂದು, ಇಂಗ್ಲಿಷ್ ಹೆಸರಾದರೆ ಯಾವುದು ಆಸ್ತಿ ಯಾವುದು ಖರ್ಚು ಅಂತ ಅದು ತಾನೇ ಊಹಿಸುತ್ತದೆ, ಕನ್ನಡ ಹೆಸರಿಗೆ ಊಹಿಸಲಾರದು. ಕಡತದ ಮೇಲ್ಗಡೆ ಅಕೌಂಟ್ ಡೈರೆಕ್ಟಿವ್ (ಖಾತೆಯ ಬಗ್ಗೆ ಸೂಚನೆಯ ಸಾಲು) ಬರೆದು ಅದರಲ್ಲಿ ಟೈಪ್ ಟ್ಯಾಗ್ ಹಾಕಿದರೆ ಆಸ್ತಿ-ಸಾಲದ ಪಟ್ಟಿ, ಆದಾಯ-ಖರ್ಚಿನ ಪಟ್ಟಿ ಸರಿಯಾಗಿ ಬರುತ್ತವೆ. ಮೂರನೆಯದಕ್ಕೆ ಔಷಧ ಇಲ್ಲ: ಟರ್ಮಿನಲ್‌ನಲ್ಲಿ ಒತ್ತಕ್ಷರ, ಗುಣಿತ ಬಂದ ಕಡೆ ಕಾಲಂ ನೇರ ನಿಲ್ಲುವುದಿಲ್ಲ, ಮೇಲೆ ನಾನು ಬರೆದದ್ದೇ ನೋಡಿ. ವರದಿಯನ್ನು ಸಿಎಸ್‌ವಿಯಾಗಿ ತೆಗೆದು ಶೀಟಿನಲ್ಲಿ ನೋಡಿ, ಅಥವಾ ಎಚ್‌ಲೆಜರ್‌ನ ವೆಬ್ ಮುಖ ಬಳಸಿ.

ಲಕ್ಷ ಕೋಟಿಯ ಅಲ್ಪವಿರಾಮಕ್ಕೆ ಇಲ್ಲಿ ಲೊಕೇಲ್ ಮುಟ್ಟಬೇಕಿಲ್ಲ. ಸರಕಿನ ಬಗ್ಗೆ ಹೇಳುವ ಕಮಾಡಿಟಿ ಡೈರೆಕ್ಟಿವ್‌ನಲ್ಲಿ ₹9,99,99,999.00 ಅಂತ ಮಾದರಿ ಬರೆದರೆ ಎಲ್ಲ ವರದಿಯೂ ಹಾಗೇ. ಎಚ್‌ಲೆಜರ್‌ನ ಕೈಪಿಡಿಯಲ್ಲೇ ಭಾರತದ ರೂಪಾಯಿಯ ಉದಾಹರಣೆ ಇದೆ.

ಸಿಎಸ್‌ವಿಗೂ ಪೈಥಾನ್ ಬೇಕೇ ಬೇಕು ಅಂತಿಲ್ಲ. ಒಂದು ರೂಲ್ಸ್ ಕಡತ ಬರೆದರೆ ಸಾಕು, ಯಾವ ಕಾಲಂ ದಿನಾಂಕ, ಯಾವುದು ಜಮಾ, ಯಾವುದು ಖರ್ಚು, ವಿವರದಲ್ಲಿ ಇಂಥ ಪದ ಇದ್ದರೆ ಇಂಥ ಖಾತೆ. ಬಾಕಿ ಕಾಲಂ ಕೂಡ ಹೇಳಿಕೊಡಬಹುದು, ಆಗ ಬಿಲ್ಡ್_ಫೇಲ್ ಹೇಳಿದ ಪರೀಕ್ಷೆಯನ್ನು ಅದೇ ಮಾಡುತ್ತದೆ. ಬ್ಯಾಂಕ್ ಹೊಸ ವ್ಯವಹಾರವನ್ನು ಮೇಲೆ ಕೊಡುತ್ತಿದ್ದರೆ ಅದಕ್ಕೂ ಒಂದು ಆಯ್ಕೆ ಇದೆ. ಇಂಪೋರ್ಟ್ ಕಮಾಂಡ್ ಕೊನೆಯ ದಿನಾಂಕ ನೆನಪಿಟ್ಟುಕೊಳ್ಳುವುದರಿಂದ ಹಳೇ ಸಾಲು ಮತ್ತೆ ಬರುವುದಿಲ್ಲ.

ತೆರಿಗೆಯ ಒಂದು ಮಾತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಅದನ್ನು ಲೆಕ್ಕದಿಂದಲೇ ಬಿಡಬೇಡಿ. ಸಂಬಳದ ಆದಾಯ ವಿನಾಯಿತಿ ಮಿತಿ ದಾಟಿದ್ದು, ಕೃಷಿಯ ನಿವ್ವಳ ಆದಾಯ ₹5,000ಕ್ಕಿಂತ ಜಾಸ್ತಿ ಇದ್ದರೆ ದರ ಲೆಕ್ಕ ಹಾಕಲು ಅದನ್ನೂ ಸೇರಿಸುತ್ತಾರೆ. ನಿವ್ವಳ ಅಂದರೆ ಅಡಿಕೆ ಕೊಯ್ಯುವ ಕೊನೆಗಾರನ ಕೂಲಿ, ಸಿಂಪಡಿಸುವ ಬೋರ್ಡೋ ದ್ರಾವಣ, ಗೊಬ್ಬರ ಎಲ್ಲ ಕಳೆದು. ಆ ಖರ್ಚುಗಳನ್ನು ಈಗಲೇ ತೋಟ ಅಂತ ಬೇರೆ ಕೊಂಬೆಯಲ್ಲಿ ಬರೆದಿಟ್ಟರೆ ಜುಲೈಯಲ್ಲಿ ಹುಡುಕಬೇಕಿಲ್ಲ.

ಮೌನಿಟರ್ ಉತ್ತರ:

ಇಷ್ಟೆಲ್ಲ ಪಿಡಿಎಫ್ ಒಡೆಯುವ ಬದಲು ಅಕೌಂಟ್ ಅಗ್ರಿಗೇಟರ್ ಬಳಸಿದರೆ ಆಗಲ್ವಾ? ಆರ್‌ಬಿಐ ಅದಕ್ಕೆ ಅಂತಲೇ ಮಾಡಿರುವುದು. ಒಪ್ಪಿಗೆ ಕೊಟ್ಟರೆ ಡೇಟಾ ನೇರ ಬರುತ್ತದೆ. ಅದಕ್ಕೆ ಒಂದು ಪ್ಲಗಿನ್ ಬರೆಯಿರಿ.

ಬಿಲ್ಡ್_ಫೇಲ್ ಉತ್ತರ:

ಆಗಲ್ಲ. ನಿಯಮ 2016ರಲ್ಲಿ ಬಂತು, 2021ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳು ಸೇರಿ ಚಾಲ್ತಿಗೂ ಬಂತು. ಆದರೆ ಡೇಟಾ ಪಡೆಯುವ ಕಡೆಯವರು ಆರ್‌ಬಿಐ, ಸೆಬಿ, ಐಆರ್‌ಡಿಎಐ, ಪಿಎಫ್‌ಆರ್‌ಡಿಎ ಇಂಥ ನಿಯಂತ್ರಕರ ಕೆಳಗೆ ನೋಂದಾಯಿಸಿದ ಸಂಸ್ಥೆ ಆಗಿರಬೇಕು. ಡೇಟಾ ನನ್ನದೇ, ಒಪ್ಪಿಗೆ ಕೊಡುವವನೂ ನಾನೇ, ಆದರೆ ನನ್ನ ಲ್ಯಾಪ್‌ಟಾಪಿನ ಸ್ಕ್ರಿಪ್ಟಿಗೆ ಅದನ್ನು ಕೊಡಿ ಅಂದರೆ ದಾರಿ ಇಲ್ಲ. ಸಾಲ ಕೊಡುವ ಕಂಪನಿಗೆ ನನ್ನ ಸ್ಟೇಟ್‌ಮೆಂಟ್ ನಿಮಿಷದಲ್ಲಿ ಅಚ್ಚುಕಟ್ಟಾಗಿ ಹೋಗುತ್ತದೆ, ನನಗೆ ಮಾತ್ರ ಪಾಸ್‌ವರ್ಡ್ ಹಾಕಿದ ಪಿಡಿಎಫ್. ಇದು ನನಗೆ ಸಿಟ್ಟು ಬರಿಸುವ ವಿಷಯ, ಇಲ್ಲಿಗೇ ನಿಲ್ಲಿಸುತ್ತೇನೆ.

ತೋಟದಮನೆ ಬರೆದದ್ದು:

ಇಷ್ಟು ಜನ ಇಷ್ಟು ಬರೆದಿದ್ದೀರಿ, ತುಂಬಾ ಧನ್ಯವಾದ. ರೀಜನ್ ಬದಲಿಸಿದೆ, 1,00,000 ಬಂತು. ಯುಪಿಐ ವಿವರದ ಓರೆಗೆರೆ ವಿಷಯ ನಿಜಕ್ಕೂ ಕಣ್ಣು ತೆರೆಸಿತು, ನನ್ನ ಕಡತದಲ್ಲೂ ಹಾಗೇ ಇದೆ.

ಇನ್ನೆರಡು ಪ್ರಶ್ನೆ. ಒಂದು, ಗ್ನೂಕ್ಯಾಶ್‌ನ ಮೂಲ ಕೋಡಿನಲ್ಲೇ ಆ ಓರೆಗೆರೆ ಸರಿ ಮಾಡಿದರೆ ಎಲ್ಲರಿಗೂ ಉಪಯೋಗ ಅಲ್ವಾ? ನನಗೆ ಸಿ ಪ್ಲಸ್ ಪ್ಲಸ್ ಅಷ್ಟಕ್ಕಷ್ಟೇ, ಆದರೂ ಮೂಲದಿಂದ ಕಟ್ಟುವುದು ಎಷ್ಟು ಕಷ್ಟ? ಇನ್ನೊಂದು, ಮನೆಯವರಿಗೆ ಕಿಟಕಿ ಬಟನ್ ಇರುವುದೇ ಬೇಕು, ಪಠ್ಯ ಕಡತ ಮುಟ್ಟುವುದಿಲ್ಲ. ಮನೆಗೆ ಗ್ನೂಕ್ಯಾಶ್, ತೋಟಕ್ಕೆ ಎಚ್‌ಲೆಜರ್ ಅಂತ ಎರಡು ಇಟ್ಟುಕೊಂಡರೆ ಗೊಂದಲ ಆಗುತ್ತದಾ?

ಬಿಲ್ಡ್_ಫೇಲ್ ಉತ್ತರ:

ಕಟ್ಟುವುದು ಕಷ್ಟ ಅಲ್ಲ, ಅವಲಂಬನೆಗಳ ಪಟ್ಟಿ ಉದ್ದ ಅಷ್ಟೇ. ಜಿಟಿಕೆ 3, ವೆಬ್‌ಕಿಟ್, ಬೂಸ್ಟ್, ಸ್ವಿಗ್, ವರದಿಗಳು ಸ್ಕೀಮ್ ಭಾಷೆಯಲ್ಲಿ ಇರುವುದರಿಂದ ಗೈಲ್, ಪರೀಕ್ಷೆಗೆ ಗೂಗಲ್ ಟೆಸ್ಟ್. ಒಂದೊಂದೇ ಹುಡುಕಬೇಡಿ. ಸಾಫ್ಟ್‌ವೇರ್ ಸೋರ್ಸಸ್‌ನಲ್ಲಿ ಸೋರ್ಸ್ ರೆಪೊಸಿಟರಿ ಆನ್ ಮಾಡಿ, ಆಪ್ಟ್‌ನ ಬಿಲ್ಡ್-ಡೆಪ್ ಕಮಾಂಡ್‌ಗೆ ಗ್ನೂಕ್ಯಾಶ್ ಹೆಸರು ಕೊಡಿ, ಬಹುಪಾಲು ಒಂದೇ ಏಟಿಗೆ ಬರುತ್ತದೆ. ರೆಪೊದ ಆವೃತ್ತಿ ಹಳೆಯದಾದರೆ ಒಂದೆರಡು ಬಾಕಿ ಉಳಿಯಬಹುದು, ಕಟ್ಟುವ ಮೊದಲು ಎಲ್ಲ ಇದೆಯೇ ಅಂತ ನೋಡುವ ಸಿಮೇಕ್ ಏನಿಲ್ಲ ಅಂತ ಹೆಸರು ಹೇಳಿಯೇ ನಿಲ್ಲುತ್ತದೆ. ಕೋಡ್ ಫೋಲ್ಡರ್ ಒಳಗೇ ಕಟ್ಟಬೇಡಿ, ಪಕ್ಕದಲ್ಲಿ ಬೇರೆ ಬಿಲ್ಡ್ ಫೋಲ್ಡರ್ ಮಾಡಿ. ಇನ್‌ಸ್ಟಾಲ್ ಪ್ರಿಫಿಕ್ಸ್ (ಎಲ್ಲಿ ಹಾಕಬೇಕು ಅನ್ನುವ ಜಾಗ) ನಿಮ್ಮ ಹೋಮ್ ಒಳಗೆ ಕೊಡಿ, ಸಿಸ್ಟಮ್‌ನಲ್ಲಿ ಇರುವುದಕ್ಕೆ ತಗುಲಬಾರದು. ಕಟ್ಟುವ ಕೆಲಸ ಮಾಡುವ ನಿಂಜಾ ಓಡಿಸಿ, ಮೊದಲ ಸಲ ಕಾಫಿ ಕುಡಿದು ಬನ್ನಿ, ಆಮೇಲೆ ಬದಲಿಸಿದ ಕಡತ ಮಾತ್ರ ಕಟ್ಟುವುದರಿಂದ ಬೇಗ. ನಿಂಜಾ ಚೆಕ್ ಅಂದರೆ ಪರೀಕ್ಷೆಗಳು ಓಡುತ್ತವೆ. ಲೆಕ್ಕದ ಕಡತದ ನಕಲು ಇಟ್ಟುಕೊಂಡೇ ಪ್ರಯೋಗ ಮಾಡಿ, ಅಸಲು ತೆರೆಯಬೇಡಿ.

ಓರೆಗೆರೆಯನ್ನು ಕೋಡಿನಲ್ಲೇ ಸರಿ ಮಾಡುವುದು, ನೋಡಿ, ಪದ ಒಡೆಯುವ ಫಂಕ್ಷನ್ ಚಿಕ್ಕದು, ಬದಲಿಸುವುದು ಒಂದು ಸಾಲು. ಆದರೆ ಅದನ್ನು ಬದಲಿಸಿದರೆ ಪ್ರಪಂಚದಲ್ಲಿ ಎಲ್ಲರ ಕಡತದಲ್ಲೂ ಇಷ್ಟು ವರ್ಷ ಕಲಿತ ಪದಗಳ ಲೆಕ್ಕ ಏರುಪೇರಾಗಬಹುದು. ಜರ್ಮನಿಯವರ ವಿವರದಲ್ಲಿ ಓರೆಗೆರೆಗೆ ಬೇರೆ ಅರ್ಥ ಇರಬಹುದು. ಹಾಗಾಗಿ ನೇರ ಪ್ಯಾಚ್ ಕಳಿಸಬೇಡಿ, ಮೊದಲು ಅವರ ಬಗ್‌ಜಿಲ್ಲಾದಲ್ಲಿ (ದೋಷಗಳನ್ನು ತಿಳಿಸುವ ತಾಣ) ಯುಪಿಐ ವಿವರದ ಸುಳ್ಳು ಮಾದರಿ ಹಾಕಿ ವಿವರಿಸಿ, ಕೋಡ್ ಬರೆಯುವವರ ಡೆವೆಲ್ ಮೇಲಿಂಗ್ ಲಿಸ್ಟ್‌ನಲ್ಲಿ ಕೇಳಿ. ಅವರಿಗೆ ಯುಪಿಐ ಸಾಲು ಹೇಗಿರುತ್ತದೆ ಅಂತ ಯಾರಾದರೂ ಹೇಳಬೇಕಲ್ಲ. ಒಪ್ಪಿದರೆ ಈಗಿನ ಸರಣಿಯ ಸ್ಟೇಬಲ್ ಶಾಖೆಗೋ ಮುಂದಿನದರ ಫ್ಯೂಚರ್ ಶಾಖೆಗೋ ಅಂತ ಅವರೇ ಹೇಳುತ್ತಾರೆ.

ಅಷ್ಟರೊಳಗೆ ಬೇರೆ ದಾರಿಗಳಿವೆ. ಫೈನಾನ್ಸ್-ಕೋಟ್‌ನಲ್ಲಿ ಯಾವುದೋ ಜಾಲತಾಣ ರೂಪ ಬದಲಿಸಿದರೆ ಬೆಲೆ ಬರುವುದು ನಿಲ್ಲುತ್ತದೆ, ರಿಪೇರಿ ಸಾಮಾನ್ಯವಾಗಿ ಕೆಲವೇ ಸಾಲು ಪರ್ಲ್. ಕನ್ನಡ ಅನುವಾದವನ್ನು ವೆಬ್‌ಲೇಟ್ ಅನ್ನುವ ಅನುವಾದದ ತಾಣದಲ್ಲಿ ಬ್ರೌಸರ್‌ನಿಂದಲೇ ಮಾಡಬಹುದು. ಪೈಸಾ ಅಂತ ಒಂದು ಇದೆ, ಅದನ್ನೂ ನೋಡಿ: ಲೆಜರ್, ಎಚ್‌ಲೆಜರ್, ಬೀನ್‌ಕೌಂಟ್ ಕಡತಗಳ ಮೇಲೆ ಕೂರುವ ವೆಬ್ ಮುಖ, ಗೋ ಭಾಷೆಯಲ್ಲಿದೆ, ನಮ್ಮ ಮ್ಯೂಚುವಲ್ ಫಂಡ್, ಎನ್‌ಪಿಎಸ್ ಬೆಲೆಗಳನ್ನು ಅದೇ ತರುತ್ತದೆ. ಮನೆಯವರಿಗೆ ಬರೀ ನೋಡುವುದಕ್ಕೆ ಅದು ಸಾಕಾಗಬಹುದು.

ಕಿರ್ದಿಪುಸ್ತಕ ಉತ್ತರ:

ಎರಡು ಇಟ್ಟುಕೊಳ್ಳಬಹುದು, ಒಂದು ಶರತ್ತಿನ ಮೇಲೆ. ಒಂದೇ ಬ್ಯಾಂಕ್ ಖಾತೆಯನ್ನು ಎರಡೂ ಕಡೆ ಬರೆಯಬೇಡಿ. ಬ್ಯಾಂಕು ಗ್ನೂಕ್ಯಾಶ್‌ನಲ್ಲಿ ಮಾತ್ರ ಇರಲಿ. ಅಲ್ಲಿ ತೋಟ ಅಂತ ಒಂದು ಖಾತೆ ತೆರೆಯಿರಿ, ಎಚ್‌ಲೆಜರ್ ಕಡೆ ಮನೆ ಅಂತ ಒಂದು. ಮುಂಗಡ ಬ್ಯಾಂಕಿಗೆ ಬಂದರೆ ಗ್ನೂಕ್ಯಾಶ್‌ನಲ್ಲಿ ಅದು ತೋಟದಿಂದ ಬಂತು, ಎಚ್‌ಲೆಜರ್‌ನಲ್ಲಿ ಸೊಸೈಟಿ ಸಾಲದಿಂದ ಮನೆಗೆ ಹೋಯಿತು. ಅಂದರೆ ಮೇಲೆ ನಾನು ಬರೆದ ಮಾದರಿಯಲ್ಲಿ ಆಸ್ತಿ:ಬ್ಯಾಂಕ್ ಇದ್ದ ಕಡೆಯೆಲ್ಲ ಆಸ್ತಿ:ಮನೆ. ಕೂಲಿ ಕೊಟ್ಟರೆ ಇದರ ಉಲ್ಟಾ. ಈ ಎರಡು ಖಾತೆಗಳ ಬಾಕಿ ಯಾವತ್ತೂ ಒಂದೇ ಅಂಕಿ ಇರಬೇಕು, ಚಿಹ್ನೆ ಮಾತ್ರ ಬೇರೆ. ತಿಂಗಳ ಕೊನೆಗೆ ಅದೊಂದು ನೋಡಿದರೆ ಸಾಕು.

ನಗದು ವ್ಯವಹಾರ ಜಾಸ್ತಿ ಇದ್ದರೆ, ತೋಟದಲ್ಲಿ ಇದ್ದೇ ಇರುತ್ತದೆ, ಅದಕ್ಕೆ ಎಚ್‌ಲೆಜರ್‌ನಲ್ಲೇ ಬೇರೆ ನಗದು ಖಾತೆ ಇಡಿ, ಮನೆಯ ಪರ್ಸಿನ ಜೊತೆ ಕಲಸಬೇಡಿ. ಇಂಪೋರ್ಟರ್ ಬರೆದು ಗಿಟ್‌ನಲ್ಲಿ ಹಾಕಿದಾಗ ಇಲ್ಲೇ ಲಿಂಕ್ ಕೊಡಿ, ಎಕ್ಸ್‌ಎಲ್‌ಎಸ್ ಅಂತ ಟ್ಯಾಬ್ ಪಠ್ಯ ಕೊಡುವ ಬ್ಯಾಂಕು ನಮ್ಮ ಮನೆಯಲ್ಲೂ ಒಂದಿದೆ.